ಒಂದು ಲಕ್ಷದೊಳಗೆ ಒಳ್ಳೆಯ ಪಿಸ್ತೂಲ್ ಉಂಟಾ?

ಹೋದ ಸಲ ಈ ಅಂಕಣದಲ್ಲಿ ಸೆಕೆಂಡ್‌ಹ್ಯಾಂಡ್ ಕಾರಿನ ಬಗ್ಗೆ ಬರೆದ ಮೇಲೆ ಹಲವರು ‘ಮುಂದಿನದು ಲ್ಯಾಪ್‌ಟಾಪ್ ಬಗ್ಗೆ ಇರಲಿ’ ಎಂದು ಬರೆದಿದ್ದರು. ಅದನ್ನೇ ಬರೆಯುವವನಿದ್ದೆ. ಅಷ್ಟರಲ್ಲಿ ಚಿಕ್ಕಪ್ಪನ ಮಗ ವಾಟ್ಸ್ಯಾಪಿನಲ್ಲಿ ಬಂದ. ‘ಅಣ್ಣಾ, ಒಂದು ಸೆಮಿ ಆಟೊಮ್ಯಾಟಿಕ್ ಪಿಸ್ತೂಲ್ ತೆಗೆಯುವ ಅಂತ ಉಂಟು. ಬಜೆಟ್ ಒಂದು ಲಕ್ಷ. ಕೈಕೊಡದ್ದು ಯಾವುದು ಹೇಳು.’ ಜೊತೆಗೆ ಮೂರು ಯೂಟ್ಯೂಬ್ ಲಿಂಕು. ಮೂರರಲ್ಲೂ ಅಮೆರಿಕದ ಗಡ್ಡದ ಮಾವಂದಿರು ಗ್ಲಾಕ್ ಹಿಡಿದು ಡಬ್ಬಿ ಹಾರಿಸುತ್ತಿದ್ದರು.

ನನ್ನನ್ನೇ ಕೇಳಲು ಕಾರಣ ಇದೆ. ಮೂರು ವರ್ಷದಿಂದ ಭಾನುವಾರ ಬೆಳಿಗ್ಗೆ ನಾನು ರೇಂಜ್‌ಗೆ ಹೋಗಿ ಹತ್ತು ಮೀಟರ್ ಏರ್ ಪಿಸ್ತೂಲ್ ಅಭ್ಯಾಸ ಮಾಡುತ್ತೇನೆ. ಮನೆಯಲ್ಲಿ ಅದರಿಂದಾಗಿ ನನಗೆ ‘ಬೆಡಿ ಭಟ್ರು’ ಎಂಬ ಹೆಸರು ಬಿದ್ದಿದೆ. ನಾನು ಭಟ್ಟನೂ ಅಲ್ಲ, ಅದರಲ್ಲಿ ಕುಂಬಳೆ ಬೆಡಿಯ ಹಾಗೆ ಶಬ್ದವೂ ಬರುವುದಿಲ್ಲ.

ತಮ್ಮನ ವಯಸ್ಸು 26. ಬಂದರಿನಲ್ಲಿ ಚಿಕ್ಕಪ್ಪನ ಅಡಿಕೆ ವ್ಯಾಪಾರ ನೋಡಿಕೊಳ್ಳುತ್ತಾನೆ. ಸಂಜೆ ಅಂಗಡಿ ಮುಚ್ಚಿ ಸ್ಕೂಟರಿನಲ್ಲಿ ಕುಲಶೇಖರದ ಮನೆಗೆ ಬರುವಾಗ ಕೆಲವು ದಿನ ಕೈಯಲ್ಲಿ ನಗದು ಇರುತ್ತದೆ. 2025ರ ಜನವರಿ 17ರಂದು ಕೋಟೆಕಾರಿನ ಸಹಕಾರಿ ಸಂಘದ ಶಾಖೆಗೆ ಮುಸುಕುಧಾರಿಗಳು ಹಾಡುಹಗಲೇ ನುಗ್ಗಿ, ಪಿಸ್ತೂಲು ತೋರಿಸಿ ಚಿನ್ನ, ಹಣ ಹೊತ್ತೊಯ್ದರಲ್ಲ, ಅವತ್ತಿನಿಂದ ಅವನಿಗೆ ನಿದ್ದೆ ಸರಿಯಿಲ್ಲ. ಹೆದರಿಕೆ ಸುಳ್ಳಲ್ಲ. ಹಾಗಾಗಿ ನಗಾಡಿ ತಳ್ಳಿಹಾಕುವುದು ಬೇಡ, ಫೋನು, ಕಾರು ಆರಿಸುವಷ್ಟೇ ಶ್ರದ್ಧೆಯಿಂದ ಉತ್ತರ ಕೊಡುವ ಎಂದುಕೊಂಡೆ. ಆ ಉತ್ತರವೇ ಈ ವಾರದ ಬರಹ.

ಮೊದಲಿಗೆ ಆ ಯೂಟ್ಯೂಬ್ ಮುಚ್ಚಿ. ಅಲ್ಲಿ ನೋಡುವ ಪಿಸ್ತೂಲುಗಳಲ್ಲಿ ನೂರಕ್ಕೆ ತೊಂಬತ್ತು 9 ಎಂ.ಎಂ. ನಮ್ಮ ದೇಶದಲ್ಲಿ ಅದು ನಿಷೇಧಿತ ಬೋರ್. ಸೇನೆ, ಪೊಲೀಸರ ಕೈಯಲ್ಲಿರುವ ಗುಂಡು ನಾಗರಿಕರ ಕೈಗೆ ಬರಬಾರದು ಎಂಬ ಲೆಕ್ಕಾಚಾರ ಅದರ ಹಿಂದಿನದು. .303 ರೈಫಲ್, .38 ರಿವಾಲ್ವರ್ ಕೂಡ ಇದೇ ಪಟ್ಟಿಗೆ ಸೇರಿದವು. ಸಾಮಾನ್ಯ ನಾಗರಿಕನಿಗೆ ಕೈಬಂದೂಕು ಎಂದರೆ ಮುಖ್ಯವಾಗಿ .32, ಅದು ಬಿಟ್ಟರೆ .22. ಇನ್ನೊಂದು ಗೋಡೆ ಆಮದಿನದ್ದು. 1980ರ ದಶಕದ ನಡುವಿನಿಂದ ಸಾಮಾನ್ಯ ಖರೀದಿದಾರನಿಗೆ ವಿದೇಶಿ ಬಂದೂಕು ತರಿಸುವ ದಾರಿ ಮುಚ್ಚಿಹೋಗಿದೆ. ರಾಷ್ಟ್ರೀಯ ಮಟ್ಟದಲ್ಲಿ ನಿಗದಿತ ಅಂಕ ಗಳಿಸಿದ ಕ್ರೀಡಾ ಶೂಟರ್‌ಗಳಿಗೆ ಮಾತ್ರ ವಿನಾಯಿತಿ ಉಂಟು.

ಇದರ ಪರಿಣಾಮ ವಿಚಿತ್ರ. ಆ ಮೊದಲು ದೇಶದೊಳಗೆ ಬಂದ ಹಳೆಯ ವಾಲ್ಥರ್, ಬ್ರೌನಿಂಗ್, ಬೆರೆಟ್ಟಾ ಪಿಸ್ತೂಲುಗಳೇ ಈಗಲೂ ಕೈಯಿಂದ ಕೈಗೆ ಮಾರಾಟವಾಗುತ್ತಾ ಇವೆ. ಅಜ್ಜನ ಕಾಲದ ಅಂಬಾಸಿಡರಿಗೆ ಬೆಂಜ್ ಕಾರಿನ ರೇಟು ಕೇಳಿದ ಹಾಗೆ, ಹಲವು ಲಕ್ಷ ಹೇಳುತ್ತಾರೆ. ವಾಲ್ಥರ್ ಪಿಪಿ ಮಾದರಿ ಮಾರುಕಟ್ಟೆಗೆ ಬಂದದ್ದು 1929ರಲ್ಲಿ. ಅದರ ಹೆಸರಿಗೆ ಇವತ್ತು ದುಡ್ಡು ಸುರಿಯುವವರು ವಸ್ತುವಿಗಿಂತ ಜಂಬಕ್ಕೆ ಸುರಿಯುತ್ತಿದ್ದಾರೆ ಎಂದೇ ನನ್ನ ಅಭಿಪ್ರಾಯ. ಸ್ಪ್ರಿಂಗ್ ಸೋತರೆ ಸ್ಪೇರ್ ಎಲ್ಲಿಂದ ತರುತ್ತೀರಿ?

ಹಾಗಾದರೆ ಮಧ್ಯಮ ಬೆಲೆಯಲ್ಲಿ ಉಳಿಯುವುದು ಸರಕಾರಿ ಆರ್ಡ್‌ನೆನ್ಸ್ ಕಾರ್ಖಾನೆಗಳ .32 ಪಿಸ್ತೂಲು. ‘ಅಶನಿ’ ಎಂದು ಅದರ ಹೆಸರು. ತೆರಿಗೆಯೆಲ್ಲ ಸೇರಿ ಲಕ್ಷದ ಆಚೀಚೆ ಬೀಳುತ್ತದೆ. 2021ರ ಅಕ್ಟೋಬರಿನಲ್ಲಿ ಹಳೆಯ ಆರ್ಡ್‌ನೆನ್ಸ್ ಬೋರ್ಡನ್ನು ಏಳು ಕಂಪನಿಗಳಾಗಿ ಒಡೆದ ಮೇಲೆ ಸಣ್ಣ ಬಂದೂಕುಗಳ ಕೆಲಸ ಕಾನ್ಪುರದಲ್ಲಿ ಮುಖ್ಯ ಕಚೇರಿ ಇರುವ ಕಂಪನಿಗೆ ಹೋಗಿದೆ. ಅದೇ ಬಳಗದ ರಿವಾಲ್ವರುಗಳೂ ಉಂಟು. 2014ರಲ್ಲಿ ಮಹಿಳೆಯರಿಗೆಂದು ಬಂದ ಹಗುರದ ‘ನಿರ್ಭೀಕ್’ ನಿಮಗೆ ನೆನಪಿರಬಹುದು. ಆಗಲೇ ಅದರ ಬೆಲೆ 1.22 ಲಕ್ಷ ದಾಟಿತ್ತು. ಮಹಿಳೆಯರ ಸುರಕ್ಷತೆಗೆ ಅಷ್ಟು ದುಡ್ಡು ಕೊಡಬಲ್ಲ ಮಹಿಳೆಯರು ಎಷ್ಟು ಮಂದಿ ಎಂಬ ಪ್ರಶ್ನೆಯೂ ಆಗಲೇ ಎದ್ದಿತ್ತು. ಖಾಸಗಿಯವರಲ್ಲಿ ವೆಬ್ಲಿ ಆ್ಯಂಡ್ ಸ್ಕಾಟ್ ಉತ್ತರ ಪ್ರದೇಶದ ಸಂಡೀಲದಲ್ಲಿ .32 ರಿವಾಲ್ವರ್ ಮಾಡಲು ಶುರುಮಾಡಿದೆ.

ಅಂದರೆ ಆಯ್ಕೆ ಎಂದು ಹೇಳಲು ಹೆಚ್ಚೇನೂ ಇಲ್ಲ. ಅಮೆಜಾನಿನಲ್ಲಿ ಇಯರ್‌ಬಡ್ ಹುಡುಕಿದ ಹಾಗೆ ನಲವತ್ತು ಟ್ಯಾಬ್ ತೆರೆದು ಕೂರುವ ಸುಖ ಇಲ್ಲಿಲ್ಲ. ಇರುವ ನಿಜವಾದ ಆಯ್ಕೆ ಎರಡೇ. ಸೆಮಿ ಆಟೊಮ್ಯಾಟಿಕ್ ಪಿಸ್ತೂಲೋ, ರಿವಾಲ್ವರೋ?

ಇಲ್ಲಿ ಸ್ವಲ್ಪ ಎಂಜಿನಿಯರಿಂಗ್. ಸೆಮಿ ಆಟೊಮ್ಯಾಟಿಕ್‌ನಲ್ಲಿ ಗುಂಡುಗಳು ಹಿಡಿಯೊಳಗಿನ ಮ್ಯಾಗಜೀನಿನಲ್ಲಿ ಒಂದರ ಮೇಲೊಂದು ಕೂತಿರುತ್ತವೆ. ಕೆಳಗಿಂದ ಸ್ಪ್ರಿಂಗ್ ತಳ್ಳುತ್ತಿರುತ್ತದೆ. ಒಂದು ಈಡು ಹಾರಿದಾಗ ಅದೇ ಬಲ ಮೇಲಿನ ಸ್ಲೈಡನ್ನು ಹಿಂದಕ್ಕೆ ನೂಕುತ್ತದೆ. ಖಾಲಿ ಕೋಶ ಹೊರಕ್ಕೆ ಹಾರುತ್ತದೆ. ಸ್ಲೈಡ್ ಮುಂದೆ ಬರುವಾಗ ಮುಂದಿನ ಗುಂಡನ್ನು ಚೇಂಬರಿಗೆ ಎಳೆದು ತರುತ್ತದೆ. ಟ್ರಿಗರ್ ಒಮ್ಮೆ ಎಳೆದರೆ ಒಂದೇ ಗುಂಡು, ಅದಕ್ಕೇ ‘ಸೆಮಿ’. ಇಡೀ ಚಕ್ರ ರೆಪ್ಪೆ ಬಡಿಯುವುದರೊಳಗೆ ಮುಗಿಯುತ್ತದೆ. ಇಷ್ಟು ಹಂತಗಳಲ್ಲಿ ಒಂದು ತಪ್ಪಿದರೂ ಜಾಮ್. ಮ್ಯಾಗಜೀನಿನ ಬಾಯಿ ಸ್ವಲ್ಪ ಬಾಗಿದ್ದರೆ ಜಾಮ್, ಸ್ಪ್ರಿಂಗ್ ಸೋತಿದ್ದರೆ ಜಾಮ್, ಗುಂಡು ಹಳತಾಗಿ ಬಲ ಕಡಿಮೆಯಾಗಿದ್ದರೆ ಸ್ಲೈಡ್ ಪೂರ್ತಿ ಹಿಂದೆ ಹೋಗದೆ ಜಾಮ್. ಕೈ ಮಣಿಕಟ್ಟು ಸಡಿಲ ಹಿಡಿದರೂ ಜಾಮ್ ಆಗುವುದುಂಟು. ರಿವಾಲ್ವರ್‌ನಲ್ಲಿ ಹಾಗಲ್ಲ, ಸಿಲಿಂಡರ್ ತಿರುಗುತ್ತದೆ ಅಷ್ಟೇ. ಒಂದು ಗುಂಡು ಸಿಡಿಯದಿದ್ದರೆ ಮತ್ತೆ ಟ್ರಿಗರ್ ಎಳೆದರೆ ಮುಂದಿನದು ಬರುತ್ತದೆ. ಹೊಸಬರಿಗೆ ರಿವಾಲ್ವರ್ ವಾಸಿ ಎಂದು ಹಳಬರು ಹೇಳುವುದು ಸುಮ್ಮನೆ ಅಲ್ಲ.

ಅಂದಹಾಗೆ ಎರಡೂ ‘.32’ ಎಂದು ಹೇಳಿಕೊಂಡರೂ ಪಿಸ್ತೂಲಿನ ಗುಂಡು ಬೇರೆ, ರಿವಾಲ್ವರಿನದ್ದು ಬೇರೆ. ಪಿಸ್ತೂಲಿನದ್ದು 1899ರ ಹೊತ್ತಿಗೆ ಜಾನ್ ಬ್ರೌನಿಂಗ್ ಬೆಲ್ಜಿಯಂನ ಕಂಪನಿಗಾಗಿ ಮಾಡಿದ ವಿನ್ಯಾಸ. ರಿವಾಲ್ವರಿನದ್ದು ಉದ್ದದ ‘ಎಸ್ ಆ್ಯಂಡ್ ಡಬ್ಲ್ಯು ಲಾಂಗ್’. ಸಿ-ಟೈಪ್ ಕೇಬಲ್ಲು, ಹಳೆಯ ಮೈಕ್ರೊ ಯುಎಸ್‌ಬಿ ಎರಡಕ್ಕೂ ‘ಚಾರ್ಜರು’ ಎನ್ನುತ್ತೇವಲ್ಲ, ಆ ತರಹ.

ಪಿಸ್ತೂಲೇ ಬೇಕೆಂದು ನಿರ್ಧರಿಸಿದವರು ಅಂಗಡಿಯಲ್ಲಿ ಎಂತದ್ದು ನೋಡಬೇಕು? ಹೊಳಪು ಬೇಡ. ಎರಡು ಮ್ಯಾಗಜೀನ್ ಕೊಡುತ್ತಾರಾ ಕೇಳಿ. ಎರಡನ್ನೂ ಹಾಕಿ ತೆಗೆದು ನೋಡಿ, ಸಡಿಲವೂ ಇರಬಾರದು, ಕಚ್ಚಿಕೊಳ್ಳಲೂಬಾರದು. ಖಾಲಿ ಎಂದು ಖಾತ್ರಿ ಮಾಡಿಕೊಂಡು ಡೀಲರ್ ಎದುರೇ ಸ್ಲೈಡ್ ಎಳೆದು ಬಿಡಿ. ನಡುವೆ ಎಲ್ಲೂ ತಡೆ ಸಿಗಬಾರದು. ಸೇಫ್ಟಿ ಒತ್ತಿದಾಗ ‘ಟಕ್’ ಎಂದು ಕೂರಬೇಕು, ಅರ್ಧದಲ್ಲಿ ನಿಲ್ಲುವ ಸೇಫ್ಟಿ ಇಲ್ಲದ್ದಕ್ಕಿಂತ ಅಪಾಯ. ಹಿಡಿ ನಿಮ್ಮ ಅಂಗೈಗೆ ಸರಿಯಾಗಿ, ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತೆ ಟ್ರಿಗರಿಗೆ ತಾಗುವ ಹಾಗಿರಬೇಕು. ನಂಬರು ಬಿಲ್ಲಿನಲ್ಲೂ ಲೈಸೆನ್ಸ್‌ನಲ್ಲೂ ಒಂದೇ ಇದೆಯಾ ಎಂದು ಅಂಕಿ ಅಂಕಿ ಹೊಂದಿಸಿ ನೋಡಿ. ಇವೆಲ್ಲಕ್ಕಿಂತ ಮುಖ್ಯ, ತಂದ ಮೇಲೆ ಲೈಸೆನ್ಸ್ ಇರುವ ರೇಂಜಿನಲ್ಲಿ, ತರಬೇತುದಾರನ ಎದುರು ಹಾರಿಸಿ ನೋಡಬೇಕು. ಒಂದೇ ಈಡು ಸಾಲದು. ಟೆಸ್ಟ್ ಮಾಡದ ಕೋಡನ್ನು ಶುಕ್ರವಾರ ಸಂಜೆ ಪ್ರೊಡಕ್ಷನ್ನಿಗೆ ತಳ್ಳುವವರಿಗೆ ನಾವು ಏನು ಹೇಳುತ್ತೇವೋ, ಗುಂಡು ಹಾರಿಸಿ ನೋಡದ ಪಿಸ್ತೂಲನ್ನು ನಂಬಿ ಕೂತವರಿಗೂ ಅದನ್ನೇ ಹೇಳಬೇಕು.

ದುಬಾರಿಯದ್ದು ತೆಗೆದರೆ ಕೈಕೊಡುವುದಿಲ್ಲ ಎಂಬ ನಂಬಿಕೆ ಬೇಡ. 2021ರ ಜುಲೈಯಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಕೈಯಲ್ಲಿದ್ದದ್ದು ಜಗತ್ತಿನ ಅತ್ಯುತ್ತಮ ದರ್ಜೆಯ ಏರ್ ಪಿಸ್ತೂಲು. ಅರ್ಹತಾ ಸುತ್ತಿನ ನಡುವೆ ಅದರ ಲಿವರ್ ಮುರಿಯಿತು. ರಿಪೇರಿ ಮಾಡಿಸಿಕೊಂಡು ಮರಳುವಷ್ಟರಲ್ಲಿ ಅಮೂಲ್ಯ ನಿಮಿಷಗಳು ಹೋಗಿ, ಎರಡೇ ಅಂಕದಲ್ಲಿ ಫೈನಲ್ ತಪ್ಪಿತು. ಮೂರು ವರ್ಷ ಕಳೆದು ಪ್ಯಾರಿಸ್‌ನಲ್ಲಿ ಎರಡು ಕಂಚು ಗೆದ್ದರು, ಅದು ಬೇರೆ. ಅಲ್ಲಿ ಕಳೆದುಹೋದದ್ದು ಪದಕ. ತಮ್ಮ ಊಹಿಸಿಕೊಳ್ಳುವ ಸನ್ನಿವೇಶದಲ್ಲಿ, ಕತ್ತಲೆಯಲ್ಲಿ, ಹೆಲ್ಮೆಟ್ ಹಾಕಿಕೊಂಡು, ಸ್ಕೂಟರ್ ಮೇಲೆ ಕೂತಿರುವವನಿಗೆ ಜಾಮ್ ಬಿಡಿಸಲು ಎಷ್ಟು ಸೆಕೆಂಡು ಸಿಗುತ್ತದೆ?

ಇನ್ನು ನಮ್ಮೂರಿನ ಹವೆ. ಮಂಗಳೂರಿನಲ್ಲಿ ಕಬ್ಬಿಣದ್ದು ಯಾವುದೂ ಸುಖವಾಗಿರುವುದಿಲ್ಲ. ಗೇಟಿನ ಚಿಲಕದಿಂದ ಹಿಡಿದು ಬೈಕಿನ ಸೈಲೆನ್ಸರ್ ತನಕ ನಿಮಗೇ ಗೊತ್ತು. ಸಮುದ್ರದ ಉಪ್ಪುಗಾಳಿ, ಜೂನ್‌ನಿಂದ ಸೆಪ್ಟೆಂಬರ್ ತನಕ ಬಿಡದ ಮಳೆ. ಚರ್ಮದ ಪೌಚಿನಲ್ಲಿಟ್ಟರೆ ಚರ್ಮ ನೀರು ಹೀರಿ ಲೋಹಕ್ಕೇ ಕೊಡುತ್ತದೆ. ಒರೆಸಿ, ತೆಳ್ಳಗೆ ಗನ್ ಆಯಿಲ್ ಸವರಿ, ಸಿಲಿಕಾ ಜೆಲ್ ಹಾಕಿದ ಪೆಟ್ಟಿಗೆಯಲ್ಲಿಡಬೇಕು. ತೆಂಗಿನೆಣ್ಣೆ ಬೇಡ, ಅದು ಅಂಟಾಗುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ನೋಡಲು ಪುರುಸೊತ್ತಿಲ್ಲದವರು ಸೆಮಿ ಆಟೊಮ್ಯಾಟಿಕ್ ಆಸೆ ಬಿಡುವುದೇ ಒಳ್ಳೆಯದು.

ಇಷ್ಟೆಲ್ಲ ಅಂಗಡಿಗೆ ಹೋದ ಮೇಲಿನ ಮಾತು. ಲೈಸೆನ್ಸ್ ಇಲ್ಲದೆ ಅಂಗಡಿಯವರು ಪಿಸ್ತೂಲನ್ನು ನಿಮ್ಮ ಕೈಗೆ ಕೊಡುವುದೂ ಇಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ, 2016ರ ನಿಯಮಗಳು ಇದಕ್ಕೆ ಆಧಾರ. ವಯಸ್ಸು 21 ಆಗಿರಬೇಕು. ಅರ್ಜಿ ಈಗ ಆನ್‌ಲೈನ್. ಹಳ್ಳಿ ಕಡೆಯವರಿಗೆ ಜಿಲ್ಲಾಧಿಕಾರಿ, ಮಂಗಳೂರು ನಗರದವರಿಗೆ ಪೊಲೀಸ್ ಕಮಿಷನರ್. ಪೊಲೀಸರು ಮನೆಗೆ ಬಂದು ವಿಚಾರಿಸುತ್ತಾರೆ. ವೈದ್ಯರ ಪ್ರಮಾಣಪತ್ರ ಬೇಕು, ಬಂದೂಕು ಸುರಕ್ಷಿತವಾಗಿ ಬೀಗ ಹಾಕಿ ಇಡುತ್ತೇನೆಂಬ ಮುಚ್ಚಳಿಕೆ ಬೇಕು, ಸುರಕ್ಷತಾ ತರಬೇತಿ ಮುಗಿಸಿರಬೇಕು. ಲೈಸೆನ್ಸ್ ಸಿಕ್ಕರೆ ಐದು ವರ್ಷಕ್ಕೆ. 2019ರ ತಿದ್ದುಪಡಿಗೆ ಮೊದಲು ಮೂರು ವರ್ಷಕ್ಕಿತ್ತು. ಅದೇ ತಿದ್ದುಪಡಿ ಒಬ್ಬರ ಬಳಿ ಇರಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ಮದುವೆ ದಿಬ್ಬಣದಲ್ಲಿ ಖುಷಿಗೆ ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷ ಜೈಲು ಅಥವಾ ಲಕ್ಷ ರೂಪಾಯಿ ದಂಡ, ಇಲ್ಲವೇ ಎರಡೂ, ಎಂದೂ ಸೇರಿಸಿತು.

ಎಲ್ಲಕ್ಕಿಂತ ಮುಖ್ಯವಾಗಿ ಅರ್ಜಿಯಲ್ಲಿ ಕಾರಣ ಹೇಳಬೇಕು. ‘ನನಗೆ ಹೆದರಿಕೆ’ ಎಂದರೆ ಸಾಲುವುದಿಲ್ಲ. ನಿರ್ದಿಷ್ಟವಾಗಿ ಜೀವಬೆದರಿಕೆ ಇದೆ ಎಂದು ಅಧಿಕಾರಿಗೆ ಮನವರಿಕೆ ಆಗಬೇಕು. ಅಮೆರಿಕದ ಸಂವಿಧಾನದಲ್ಲಿರುವಂಥ ಬಂದೂಕಿನ ಹಕ್ಕು ನಮ್ಮಲ್ಲಿಲ್ಲ. ಇಲ್ಲಿ ಅದು ಸರಕಾರ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

‘ಕೊಡಗಿನವರಿಗೆ ಲೈಸೆನ್ಸೇ ಬೇಡವಲ್ಲ, ನಮಗೆ ಮಾತ್ರ ಎಂತ ಇಷ್ಟು ಕಿರಿಕಿರಿ?’ ಎಂದು ತಮ್ಮ ಕೇಳಿದ. ನಿಜ, ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಅದನ್ನು ಇನ್ನೂ ಹತ್ತು ವರ್ಷ ಮುಂದುವರಿಸಿತು. 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಆದರೆ ಅಲ್ಲಿ ಕೋವಿ ಎಂದರೆ ಕೈಲ್‌ಪೊಳ್ದ್ ದಿನ ಹೂವಿಟ್ಟು ಪೂಜಿಸುವ ವಸ್ತು, ಮನೆಯ ಹಿರಿಯರಿಂದ ಕಲಿತು ಹಿಡಿಯುವ ವಸ್ತು. ಕುಟುಂಬಕ್ಕೆ ಕುಟುಂಬವೇ ಅದರ ಮೇಲೆ ಕಣ್ಣಿಟ್ಟಿರುತ್ತದೆ. ಸೊಂಟದಲ್ಲಿ ಪಿಸ್ತೂಲ್ ಸಿಕ್ಕಿಸಿಕೊಂಡು ಹಂಪನಕಟ್ಟೆ ಸಿಗ್ನಲ್ಲಿನಲ್ಲಿ ನಿಲ್ಲುವುದಕ್ಕೂ ಅದಕ್ಕೂ ಸಂಬಂಧ ಇಲ್ಲ.

ನಮ್ಮ ಜಿಲ್ಲೆಯ ಬಂದೂಕು ಸಂಸ್ಕೃತಿ ನೋಡಬೇಕಿದ್ದರೆ ಸುಳ್ಯ, ಬೆಳ್ತಂಗಡಿ ಕಡೆಯ ತೋಟಗಳಿಗೆ ಹೋಗಬೇಕು. ನನ್ನ ಸೋದರಮಾವನ ಮನೆಯಲ್ಲಿ ಬೆಳೆ ರಕ್ಷಣೆಯ ಒಂಟಿ ನಳಿಗೆ ಕೋವಿ ಉಂಟು. ಮಂಗ, ಹಂದಿ ಓಡಿಸಲು ಶಬ್ದವೇ ಸಾಕು. ಪ್ರತಿ ಚುನಾವಣೆಗೂ ಅದನ್ನು ಠಾಣೆಗೆ ಕೊಂಡುಹೋಗಿ ಇಟ್ಟು ಬರಬೇಕು. 2024ರ ಲೋಕಸಭಾ ಚುನಾವಣೆಗೆ ಮಾರ್ಚ್ 16ರಿಂದ ನೀತಿಸಂಹಿತೆ, ಫಲಿತಾಂಶ ಬಂದದ್ದು ಜೂನ್ 4ಕ್ಕೆ. ಎಳನೀರು, ಹಲಸು, ಬಾಳೆ ಎಲ್ಲ ಮಂಗಗಳಿಗೆ ಬಿಟ್ಟು ಹತ್ತಿರ ಹತ್ತಿರ ಎಂಬತ್ತು ದಿನ ಕಾಯಬೇಕಾಯಿತು. ಮಾವ ಅವತ್ತು ಹೇಳಿದ್ದು: ‘ಮಂಗನಿಗೆ ನೀತಿಸಂಹಿತೆ ಇಲ್ಲ ನೋಡು.’ ಎಲ್ಲರ ಕೋವಿಯನ್ನೂ ಸಾರಾಸಗಟಾಗಿ ಕೇಳುವುದರ ವಿರುದ್ಧ ಕೃಷಿಕರು ಹೈಕೋರ್ಟಿಗೂ ಹೋಗಿದ್ದರು. ಇದನ್ನು ತಮ್ಮನಿಗೆ ಹೇಳಿದ್ದು ಯಾಕೆಂದರೆ, ಪಂಚಾಯಿತಿ, ವಿಧಾನಸಭೆ, ಲೋಕಸಭೆ ಎಂದು ಚುನಾವಣೆ ಬಂದಾಗಲೆಲ್ಲ ಅವನ ಲಕ್ಷ ರೂಪಾಯಿಯ ಧೈರ್ಯವೂ ಠಾಣೆಯ ಕಪಾಟಿನಲ್ಲೇ ಇರುತ್ತದೆ. ಹೆದರಿಕೆ ಮಾತ್ರ ಮನೆಯಲ್ಲಿ.

ಇನ್ನು ಮನೆ. ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿ ಮಾತಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

2021ರ ಅಕ್ಟೋಬರಿನಲ್ಲಿ ನಮ್ಮದೇ ಮೋರ್ಗನ್ಸ್‌ಗೇಟಿನಲ್ಲಿ ನಡೆದದ್ದು ಮಂಗಳೂರಿನವರಿಗೆ ನೆನಪಿದೆ. ಕೆಲಸದವರು ಬಾಕಿ ಸಂಬಳ ಕೇಳಲು ಕಚೇರಿಗೆ ಬಂದಿದ್ದರು. ಮಾತಿಗೆ ಮಾತು ಬೆಳೆಯಿತು. ಮಾಲೀಕರ ಬಳಿ ಲೈಸೆನ್ಸ್ ಇದ್ದ ಪಿಸ್ತೂಲಿತ್ತು. ಅದರಿಂದ ಹಾರಿದ ಗುಂಡು ಅಲ್ಲೇ ಇದ್ದ ಅವರ ಮಗನ ತಲೆಗೆ ಬಿತ್ತು. ಶಾಲೆಗೆ ಹೋಗುವ ಹುಡುಗ. ಆಸ್ಪತ್ರೆಯಲ್ಲಿ ತೀರಿಕೊಂಡ. ಅಲ್ಲಿ ದರೋಡೆಕೋರ ಇರಲಿಲ್ಲ, ಮುಸುಕು ಇರಲಿಲ್ಲ. ಪಿಸ್ತೂಲು ಚೆನ್ನಾಗಿಯೇ ಕೆಲಸ ಮಾಡಿತು, ಎಲ್ಲೂ ಜಾಮ್ ಆಗಲಿಲ್ಲ.

ತಮ್ಮ ‘ವಿಶ್ವಾಸಾರ್ಹ ಪಿಸ್ತೂಲು ಯಾವುದು’ ಎಂದು ಕೇಳುತ್ತಿದ್ದಾನೆ. ವಿಶ್ವಾಸಾರ್ಹ ಪಿಸ್ತೂಲು ಎಂದರೆ ಟ್ರಿಗರ್ ಎಳೆದಾಗಲೆಲ್ಲ ಹಾರುವುದು. ಎಳೆದ ಕೈ ಸಿಟ್ಟಿನದ್ದಾ, ಮಗುವಿನದ್ದಾ ಎಂದು ಅದು ಕೇಳುವುದಿಲ್ಲ. ಅವನ ಮನೆಯಲ್ಲಿ ಅತ್ತಿಗೆಯ ಆರು ವರ್ಷದ ಮಗಳು ಇದ್ದಾಳೆ. ಫ್ರಿಜ್ಜಿನ ಮೇಲೆ ಅಡಗಿಸಿಟ್ಟ ಚಾಕೊಲೇಟನ್ನು ಕುರ್ಚಿ ಹತ್ತಿ ತೆಗೆಯುವವಳು ಅವಳು. ಇವನಿಗೂ ಸಿಟ್ಟು ಜಾಸ್ತಿ, ಅದು ಇಡೀ ಕುಟುಂಬಕ್ಕೆ ಗೊತ್ತು.

ಸೆಮಿ ಆಟೊಮ್ಯಾಟಿಕ್ ವಿಷಯದಲ್ಲಿ ಮನೆಮಂದಿಯೆಲ್ಲ ತಿಳಿದಿರಬೇಕಾದ ಒಂದು ಸಂಗತಿ ಉಂಟು. ಮ್ಯಾಗಜೀನ್ ತೆಗೆದ ಮಾತ್ರಕ್ಕೆ ಪಿಸ್ತೂಲು ಖಾಲಿಯಲ್ಲ. ಚೇಂಬರಿನಲ್ಲಿ ಒಂದು ಗುಂಡು ಉಳಿದಿರಬಹುದು. ಜಗತ್ತಿನಾದ್ಯಂತ ‘ಖಾಲಿ ಅಂದುಕೊಂಡಿದ್ದೆ’ ಎಂಬ ಅಪಘಾತಗಳು ಆಗುವುದು ಹೆಚ್ಚಾಗಿ ಇಲ್ಲೇ. ಮೊದಲು ಮ್ಯಾಗಜೀನ್ ತೆಗೆಯಬೇಕು, ಆಮೇಲೆ ಸ್ಲೈಡ್ ಹಿಂದಕ್ಕೆಳೆದು ಚೇಂಬರನ್ನು ಕಣ್ಣಿಂದ ನೋಡಬೇಕು, ಬೆರಳಿಂದಲೂ ಮುಟ್ಟಿ ನೋಡಬೇಕು. ಅಷ್ಟಾದ ಮೇಲೂ ಅದು ತುಂಬಿದೆ ಎಂದೇ ತಿಳಿದು ನಳಿಗೆಯನ್ನು ಯಾರ ಕಡೆಗೂ ತೋರಿಸಬಾರದು. ರೇಂಜಿನಲ್ಲಿ ನಮ್ಮ ಕೋಚ್ ಏರ್ ಪಿಸ್ತೂಲಿಗೂ ಇದೇ ಕ್ರಮ ಮಾಡಿಸುತ್ತಾರೆ. ಮೊದಮೊದಲು ನನಗೆ ಅತಿ ಅನಿಸುತ್ತಿತ್ತು, ಈಗ ಮನೆಯಲ್ಲಿ ಮಕ್ಕಳ ಆಟಿಕೆ ಬಂದೂಕು ಎತ್ತಿದರೂ ಕೈ ತಾನಾಗಿಯೇ ನೆಲದ ಕಡೆ ತಿರುಗುತ್ತದೆ.

ಇಲ್ಲೊಂದು ಬಿಡಿಸಲಾಗದ ಗಂಟೂ ಇದೆ. ಮಗುವಿಗೆ ಸಿಗದ ಹಾಗೆ ಪಿಸ್ತೂಲು ಒಂದು ಕಡೆ, ಗುಂಡು ಇನ್ನೊಂದು ಕಡೆ, ಎರಡಕ್ಕೂ ಬೇರೆ ಬೇರೆ ಬೀಗ ಹಾಕಿಟ್ಟರೆ ಕಳ್ಳ ಬಂದಾಗ ಅದು ಉಪಯೋಗಕ್ಕೆ ಬರುವುದಿಲ್ಲ. ಕಳ್ಳ ಬಂದಾಗ ಉಪಯೋಗಕ್ಕೆ ಬರುವ ಹಾಗೆ ದಿಂಬಿನಡಿ ಇಟ್ಟರೆ ಮಗುವಿಗೆ ಸಿಗುತ್ತದೆ. ಈ ಎರಡರ ನಡುವೆ ‘ಸ್ವಲ್ಪ ಅಡ್ಜಸ್ಟ್’ ಮಾಡುವ ಜಾಗ ನನಗಂತೂ ಕಂಡಿಲ್ಲ. ಪಿ.ಜಿ.ಯಲ್ಲೋ, ಮೂವರು ಗೆಳೆಯರ ಜೊತೆ ಬಾಡಿಗೆ ಫ್ಲ್ಯಾಟಿನಲ್ಲೋ ಇರುವ ನಮ್ಮಂಥವರ ಕಥೆ ಇನ್ನೂ ಕಷ್ಟ. ಆಫೀಸಿನ ಕೆಲಸಕ್ಕೆಂದು ದಿಢೀರನೆ ಬೆಂಗಳೂರಿಗೆ ಹೋಗಬೇಕಾದರೆ ಪಿಸ್ತೂಲನ್ನು ಯಾರ ಕೈಗೆ ಕೊಟ್ಟು ಹೋಗುತ್ತೀರಿ? ಲೈಸೆನ್ಸ್ ಇರುವುದು ನಿಮ್ಮ ಹೆಸರಿಗೆ ಮಾತ್ರ.

ಕಾನೂನೂ ನೋಡಿ. ಆತ್ಮರಕ್ಷಣೆಯ ಹಕ್ಕು ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರ ತನಕದ ಸೆಕ್ಷನ್‌ಗಳಲ್ಲಿ ಇದೆ. ಆದರೆ ರಕ್ಷಣೆಗೆ ಬೇಕಾದದ್ದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಹಣದ ಬ್ಯಾಗು ಕಿತ್ತುಕೊಂಡು ಓಡುತ್ತಿರುವವನ ಬೆನ್ನಿಗೆ ಗುಂಡು ಹೊಡೆದರೆ ಮುಂದಿನ ವರ್ಷಗಳಲ್ಲಿ ಅಡಿಕೆ ಅಂಗಡಿಗಿಂತ ಹೆಚ್ಚು ಹೊತ್ತು ಕೋರ್ಟಿನ ಬೆಂಚಿನಲ್ಲೇ ಕೂರಬೇಕಾಗಬಹುದು. ಅದೂ ಅಲ್ಲದೆ, ಎದುರಿನವನು ಪಿಸ್ತೂಲು ಹಿಡಿದುಕೊಂಡೇ ಬಂದಿದ್ದರೆ ಗೆಲ್ಲುವವನು ಅವನೇ. ಅವನಿಗೆ ಯಾವಾಗ ಶುರು ಎಂದು ಗೊತ್ತಿರುತ್ತದೆ, ನಿಮಗೆ ಗೊತ್ತಿರುವುದಿಲ್ಲ.

ಇಷ್ಟು ಕೇಳಿ ತಮ್ಮ ಸುಮ್ಮನಾದ. ಮರುದಿನ ಚಿಕ್ಕಪ್ಪನನ್ನೂ ಕೂರಿಸಿಕೊಂಡು ಲೆಕ್ಕ ಹಾಕಿದೆವು. ವ್ಯಾಪಾರದಲ್ಲಿ ಎಷ್ಟು ಪಾಲು ನಿಜವಾಗಿ ನಗದು? ಸಣ್ಣ ಕೃಷಿಕರು ಈಗಲೂ ಕೈಯಲ್ಲೇ ಹಣ ಕೇಳುತ್ತಾರೆ, ಅದು ನಿಜ. ಆದರೆ ದೊಡ್ಡ ಮೊತ್ತವೆಲ್ಲ ಬ್ಯಾಂಕಿನಲ್ಲೇ ದಾಟಬಹುದು. ಉಳಿದದ್ದನ್ನು ಸಂಜೆ ಏಳಕ್ಕೆ ಸ್ಕೂಟರಿನಲ್ಲಿ ತರುವ ಬದಲು ಮಧ್ಯಾಹ್ನವೇ ಬ್ಯಾಂಕಿಗೆ ಕಟ್ಟಬಹುದು. ಲಕ್ಷ ರೂಪಾಯಿಯಲ್ಲಿ ಅಂಗಡಿಗೆ ಗೋಡೆಗೆ ಬೋಲ್ಟ್ ಮಾಡಿದ ತಿಜೋರಿ, ನಾಲ್ಕು ಕ್ಯಾಮರಾ, ನಗದಿಗೆ ವಿಮೆ ಎಲ್ಲ ಬರುತ್ತದೆ. ಚಿಕ್ಕಪ್ಪ ‘ಇದನ್ನು ನಾನು ಹತ್ತು ಸಲ ಹೇಳಿದ್ದೆ, ಕೇಳಿದವರಾರು’ ಎಂದರು. ಅವರು ಒಂದು ಸಲವೂ ಹೇಳಿದ್ದು ನನಗೆ ಗೊತ್ತಿಲ್ಲ, ಇರಲಿ. ತಮ್ಮನಿಗೆ ಅರ್ಧ ಮನಸ್ಸು ಇನ್ನೂ ಪಿಸ್ತೂಲಿನ ಕಡೆಗೇ ಇದೆ. ಅರ್ಜಿ ಹಾಕಿಯೇ ಹಾಕುತ್ತೇನೆ ಎಂದರೆ ತಡೆಯಲು ನಾನು ಯಾರು?

ಗುಂಡು ಹೊಡೆಯುವುದೇ ಆಸೆ, ಹೆದರಿಕೆ ಏನಿಲ್ಲ ಎನ್ನುವ ಓದುಗರೂ ಇದ್ದೀರಿ. ನಿಮಗೆ ದಾರಿ ಸುಲಭ ಉಂಟು. ಹತ್ತು ಮೀಟರ್ ಏರ್ ಪಿಸ್ತೂಲಿಗೆ ಮದ್ದುಗುಂಡು ಇಲ್ಲ, ಒತ್ತಡದ ಗಾಳಿಯಿಂದ .177 ಅಂದರೆ 4.5 ಎಂ.ಎಂ.ನ ಸೀಸದ ಪೆಲೆಟ್ ಹಾರುತ್ತದೆ. ಈ ಬೋರ್ ಮೀರದ, 20 ಜೌಲ್ ಶಕ್ತಿ ದಾಟದ ಏರ್‌ಗನ್ನುಗಳಿಗೆ ಲೈಸೆನ್ಸ್ ಬೇಡ, ಸ್ಪರ್ಧೆಯ ಏರ್ ಪಿಸ್ತೂಲುಗಳ ಶಕ್ತಿ ಅದಕ್ಕಿಂತ ಎಷ್ಟೋ ಕೆಳಗೆ. ಮಾರುವವರು ನಿಮ್ಮ ಗುರುತಿನ ದಾಖಲೆ ಪಡೆದು ಬರೆದಿಟ್ಟುಕೊಳ್ಳುತ್ತಾರೆ, ಅಷ್ಟೇ. ಹಾಗೆಂದು ಆಟಿಕೆಯಲ್ಲ, ಕಣ್ಣು ಹೋದರೆ ಹೋದದ್ದೇ.

ನಮ್ಮ ಕೆಲಸದವರಿಗೆ ಇದು ಒಗ್ಗುವ ಆಟ ಎಂದು ನಾನು ಸುಮ್ಮನೆ ಹೇಳುತ್ತಿಲ್ಲ. ಬೆಂಗಳೂರಿನ ಪ್ರಕಾಶ್ ನಂಜಪ್ಪ ಕೆನಡಾದಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದವರು. ಊರಿಗೆ ಮರಳಿ ಪಿಸ್ತೂಲು ಹಿಡಿದರು, 2013ರಲ್ಲಿ ಚಾಂಗ್‌ವನ್ ವಿಶ್ವಕಪ್‌ನಲ್ಲಿ ಏರ್ ಪಿಸ್ತೂಲ್ ಕಂಚು ಗೆದ್ದರು. ಅದೇ ವರ್ಷ ಮುಖದ ಒಂದು ಬದಿಗೆ ಪಾರ್ಶ್ವವಾಯು ಬಡಿಯಿತು. ಆದರೂ 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ತಂದರು, 2016ರಲ್ಲಿ ರಿಯೊ ಒಲಿಂಪಿಕ್ಸ್‌ಗೂ ಹೋದರು. ಸೆಮಿ ಆಟೊಮ್ಯಾಟಿಕ್ಕೇ ಬೇಕೆನ್ನುವವರಿಗೆ ಈ ಕ್ರೀಡೆಯೊಳಗೇ ಮುಂದೆ 25 ಮೀಟರಿನ .22 ಪಿಸ್ತೂಲು ಕಾಯುತ್ತಿದೆ. ವಿಜಯ್ ಕುಮಾರ್ 2012ರ ಲಂಡನ್‌ನಲ್ಲಿ ಬೆಳ್ಳಿ ಗೆದ್ದದ್ದು ಅಂಥದ್ದರಲ್ಲೇ. ಅದಕ್ಕೆ ಲೈಸೆನ್ಸ್ ಬೇಕು, ಆದರೆ ಅರ್ಜಿಯಲ್ಲಿ ಬರೆಯಲು ಆಗ ನಿಮ್ಮ ಬಳಿ ಸ್ಕೋರ್ ಶೀಟಿನ ರೂಪದಲ್ಲಿ ಒಂದು ನಿಜವಾದ ಕಾರಣ ಇರುತ್ತದೆ.

ಮೊದಲ ದಿನವೇ ಪಿಸ್ತೂಲು ಖರೀದಿಸಬೇಡಿ. ಆರು ತಿಂಗಳು ಕ್ಲಬ್ಬಿನದ್ದರಲ್ಲೇ ಹೊಡೆಯಿರಿ. ಸ್ಪರ್ಧೆಯ ಮಟ್ಟದ ಆಮದು ಪಿಸ್ತೂಲುಗಳಿಗೆ ಒಂದೂವರೆ ಲಕ್ಷದ ಮೇಲೆಯೇ ಬೇಕು, ಕೈಗೆ ಹಿಡಿಸದಿದ್ದರೆ ಎಲ್ಲ ನೀರುಪಾಲು. ಆಮೇಲೆ ತೆಗೆಯುವಾಗ ಬ್ರ್ಯಾಂಡಿಗಿಂತ ಹಿಡಿಯ ಅಳತೆ ನೋಡಿ, ಎಡಗೈಯವರಾದರೆ ಇನ್ನೂ ಜಾಗ್ರತೆ. ಟ್ರಿಗರ್ ಕನಿಷ್ಠ 500 ಗ್ರಾಂ ಭಾರ ಎತ್ತಬೇಕೆಂಬುದು ನಿಯಮ, ಪಿಸ್ತೂಲಿನ ತೂಕ 1500 ಗ್ರಾಂ ಮೀರಬಾರದು. ಎಲೆಕ್ಟ್ರಾನಿಕ್ ಟ್ರಿಗರ್ ನಯ, ಆದರೆ ನಮ್ಮ ತೇವದ ಊರಿಗೆ ಮೆಕ್ಯಾನಿಕಲ್ಲೇ ನಿಶ್ಚಿಂತೆ ಎಂದು ನನ್ನ ಮತ.

ಗುರಿಯ ನಡುವಿನ ಹತ್ತರ ವೃತ್ತದ ಅಗಲ 11.5 ಮಿಲಿಮೀಟರ್, ಅಂಗಿಯ ಗುಂಡಿಯಷ್ಟು. ಒಂದೇ ಕೈಯಲ್ಲಿ ಹಿಡಿದು, ಇನ್ನೊಂದನ್ನು ಜೇಬಿಗೆ ಹಾಕಿಕೊಂಡು, 75 ನಿಮಿಷದಲ್ಲಿ 60 ಹೊಡೆಯಬೇಕು. ಮೊದಲ ವಾರ ಪೆಲೆಟ್ಟುಗಳು ಕಾಗದಕ್ಕೆ ತಾಗಿದರೇ ಪುಣ್ಯ. ಬರುವ ಹಿಂದಿನ ರಾತ್ರಿ ಡಿಪ್ಲಾಯ್‌ಮೆಂಟ್ ಇಟ್ಟುಕೊಳ್ಳಬೇಡಿ, ಬೆಳಿಗ್ಗೆ ಎರಡನೇ ಲೋಟ ಕಾಪಿ ಬೇಡ, ಕೈ ನಡುಗುತ್ತದೆ. ಕಾಲಿಗೆ ಚಪ್ಪಟೆ ಅಡಿಯ ಶೂ ಇರಲಿ, ಹವಾಯಿ ಚಪ್ಪಲಿಯಲ್ಲಿ ಬಂದರೆ ನಮ್ಮ ಕೋಚ್ ಗೇಟಿನಿಂದಲೇ ವಾಪಸ್ ಕಳಿಸುತ್ತಾರೆ.